ಕಾಂಕ್ರೀಟ್ ಬೀಳುವ ಮೊದಲೇ ಬರೆದಿಡು

ಮಗೂ, ಕಂಟ್ರಾಕ್ಟರ್ ಕಂಪನಿಯಲ್ಲಿ ಬಿಲ್ಲಿಂಗ್ ಎಂಜಿನಿಯರ್ ಆಗಿ ಸೇರಿದ್ದೀಯ. ಓರಗೆಯವರೆಲ್ಲ ಡಿಸೈನ್ ಕಡೆ ಹೋದರು, ನನಗೆ ಮಾತ್ರ ಲೆಕ್ಕ ಬರೆಯುವ ಕೆಲಸ ಸಿಕ್ಕಿತು ಅಂತ ಬೇಸರಪಡಬೇಡ. ಕಾಮಗಾರಿ ಮುಗಿದು ವರ್ಷಗಳಾದ ಮೇಲೆ ಎರಡೂ ಕಡೆಯವರು ಮಧ್ಯಸ್ಥಗಾರರ ಮುಂದೆ ಕೂರುತ್ತಾರಲ್ಲ, ಆಗ ವಕೀಲರು ಮೊದಲು ಹುಡುಕುವುದು ನೀನು ಈ ವಾರ ಬರೆಯುವ ಪತ್ರಗಳನ್ನೇ.

ಟೆಂಡರಿನಲ್ಲಿ ಮೆದು ಮಣ್ಣು ಎಂದಿದ್ದ ಜಾಗದಲ್ಲಿ ಪಾಯ ಅಗೆಯುವಾಗ ಬಂಡೆ ಸಿಕ್ಕಿತು ಅಂತಿಟ್ಟುಕೊ. ನಮ್ಮ ನೆಲದಲ್ಲಿ ಇದೇನೂ ಅಪರೂಪವಲ್ಲ. ಬ್ರೇಕರ್ ತರಿಸಿ ಒಡೆದು ಮುಂದೆ ಹೋಗುವ ಅವಸರ ಎಲ್ಲರಿಗೂ. ಇಲಾಖೆಯ ಎಂಜಿನಿಯರ್ ಕೂಡ ‘ನೀವು ಮಾಡಿ, ಎಕ್ಸ್‌ಟ್ರಾ ಐಟಂ ಆಮೇಲೆ ನೋಡೋಣ’ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅಂದಿರುತ್ತಾರೆ. ಆಮೇಲೆ ಅವರಿಗೆ ವರ್ಗವಾಗುತ್ತದೆ. ಅಷ್ಟರಲ್ಲಿ ಪಾಯಕ್ಕೆ ಕಾಂಕ್ರೀಟ್ ಬಿದ್ದಿರುತ್ತದೆ. ಹೊಸದಾಗಿ ಬಂದವರು ‘ಎಷ್ಟು ಘನ ಮೀಟರ್ ಒಡೆದಿರಿ, ತೋರಿಸಿ’ ಅಂದರೆ ಏನು ತೋರಿಸುತ್ತೀಯ? ಅದಕ್ಕೇ ಬ್ರೇಕರ್ ಇಳಿಸುವ ಮೊದಲೇ ಜಂಟಿ ಲೆವೆಲ್ ತೆಗೆಸು. ಒಡೆದಾದ ಮೇಲೆ ಇನ್ನೊಮ್ಮೆ. ಎರಡಕ್ಕೂ ಎರಡೂ ಕಡೆಯ ಸಹಿ ಇರಲಿ, ದಿನಾಂಕ ಕಾಣುವ ಫೋಟೊ ಇರಲಿ. ಅದೇ ಸಂಜೆ ಒಂದು ಪತ್ರ ಹೋಗಲಿ: ಯಾವ ಚೈನೇಜ್, ಏನು ಸಿಕ್ಕಿತು, ಎಷ್ಟು ಯಂತ್ರ ಸುಮ್ಮನೆ ನಿಂತಿವೆ, ಕರಾರಿನ ಯಾವ ಕಲಮಿನ ಪ್ರಕಾರ ಕೇಳುತ್ತಿದ್ದೇವೆ. ಒಂದು ಪುಟ ಸಾಕು. ಇನ್‌ವರ್ಡ್ ಸೀಲು ಹಾಕಿಸಿಕೊಳ್ಳದೆ ವಾಪಸ್ ಬರಬೇಡ.

ಪತ್ರ ಬರೆದರೆ ಸಂಬಂಧ ಕೆಡುತ್ತದೆ ಅಂತ ನಿನ್ನ ಮೇಲಿನವರೇ ಹೇಳುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಬೈಗುಳ, ಬೆದರಿಕೆ ಇಲ್ಲದ ಪತ್ರ ಇಲಾಖೆಯ ಎಂಜಿನಿಯರಿಗೂ ಆಸರೆಯೇ. ಹೆಚ್ಚುವರಿ ಹಣಕ್ಕೆ ಮೇಲಿನವರ ಮಂಜೂರಾತಿ ಕೇಳಲು ಅವರ ಕೈಯಲ್ಲೂ ಕಾಗದ ಬೇಕು.

ಬರೆಯದೆ ಬಿಟ್ಟರೆ ಕಳೆದುಕೊಳ್ಳುವುದು ಸಣ್ಣದಲ್ಲ. 1872ರ ಕರಾರು ಕಾಯ್ದೆಯ 55ನೇ ಕಲಂ ಓದು. ಎದುರಿನವರು ಜಾಗವನ್ನೋ ನಕ್ಷೆಯನ್ನೋ ತಡವಾಗಿ ಕೊಟ್ಟಾಗ, ಅದನ್ನು ಒಪ್ಪಿಕೊಳ್ಳುವ ವೇಳೆಯಲ್ಲೇ ‘ಇದರ ನಷ್ಟ ಕೇಳುತ್ತೇವೆ’ ಎಂದು ತಿಳಿಸದಿದ್ದರೆ ಆಮೇಲೆ ಕೇಳುವ ಹಕ್ಕೇ ಹೋಗಬಹುದು. ವಿದೇಶಿ ಸಾಲದ ದೊಡ್ಡ ಯೋಜನೆಗಳಲ್ಲಿ ಬರುವ ಫಿಡಿಕ್ ಮಾದರಿಯ ಕರಾರಿನಲ್ಲಿ ನೋಟಿಸಿಗೆ 28 ದಿನದ ಗಡುವು. ಕಾಲಾವಧಿ ವಿಸ್ತರಣೆಯ ಆದೇಶ ಬಂದಾಗಲೂ ಖುಷಿಯಲ್ಲಿ ಫೈಲಿಗೆ ಸೇರಿಸಬೇಡ. ‘ಯಾವುದೇ ಪರಿಹಾರವಿಲ್ಲದೆ’ ಎಂಬ ಎರಡು ಮೂರು ಪದ ಅದರ ಕೊನೆಯಲ್ಲಿ ಕೂತಿರುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಆಗಲೇ ಬರೆ.

ಇನ್ನು ಮೊತ್ತದ ವಿಚಾರ. ಹತ್ತು ಕೇಳಿದರೆ ಐದಾದರೂ ಸಿಗುತ್ತದೆ ಎಂಬ ಲೆಕ್ಕಾಚಾರ ಈ ಕಸುಬಿನಲ್ಲಿ ಬೇರೂರಿದೆ. ಅದರಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ಒಂದು ಬಾಬತ್ತು ಉಬ್ಬಿಸಿದ್ದು ಗೊತ್ತಾದರೆ ಮಧ್ಯಸ್ಥಗಾರರು ಉಳಿದ ನಿಜವಾದ ಬಾಬತ್ತನ್ನೂ ಅನುಮಾನದಿಂದಲೇ ನೋಡುತ್ತಾರೆ. ಯಂತ್ರ ಸುಮ್ಮನೆ ನಿಂತಿತ್ತು ಎನ್ನುವುದಾದರೆ ಲಾಗ್‌ಬುಕ್ಕು, ಬಾಡಿಗೆ ಬಿಲ್ಲು, ಆಪರೇಟರ್ ಹಾಜರಿ ಜೊತೆಗಿಡು. ತಡದಿಂದ ಕೈತಪ್ಪಿದ ಲಾಭವನ್ನು ಲೆಕ್ಕ ಹಾಕುವ ಹಡ್ಸನ್ ಸೂತ್ರ ಬಳಸಿ ಕೋಟಿ ತೋರಿಸುವವರಿದ್ದಾರೆ. ಸೂತ್ರವೊಂದೇ ಸಾಲದು, ನಷ್ಟಕ್ಕೆ ನಂಬುವಂಥ ಪುರಾವೆ ಬೇಕು ಎಂದು ಸುಪ್ರೀಂ ಕೋರ್ಟ್ 2023ರ ಯುನಿಬ್ರೋಸ್ ಪ್ರಕರಣದಲ್ಲಿ ಹೇಳಿದೆ. ನಾಳೆ ನೀನು ಇಲಾಖೆಯ ಕಡೆ ನಿಂತರೂ ಇದೇ ನೀತಿ ಇರಲಿ. ತಡಕ್ಕೆ ದಂಡ ಹಾಕುವಾಗ ಅದೇ ಕರಾರು ಕಾಯ್ದೆಯ 74ನೇ ಕಲಂ ನೆನಪಿಡು. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ, ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರವನ್ನು.

ಕೂತು ಮಾತಾಡಿ ಮುಗಿಯುವುದನ್ನು ಮಾತಲ್ಲೇ ಮುಗಿಸು. ಮಧ್ಯಸ್ಥಿಕೆ ಶುರುವಾದ ಮೇಲೆ ರಾಜಿಯಾದರೂ 1996ರ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರ ಅದನ್ನೇ ತೀರ್ಪಾಗಿ ಬರೆಸಿಕೊಳ್ಳಬಹುದು. ಆದರೆ ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಬಾಕಿ ಕೇಳಲು ಇರುವ ಮೂರು ವರ್ಷದ ಕಾಲಮಿತಿ ನಿಂತು ಕಾಯುವುದಿಲ್ಲ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡು. ಕರಾರಿನಲ್ಲಿ ಮಧ್ಯಸ್ಥಿಕೆಯ ಕಲಂ ಇದೆಯೋ ಇಲ್ಲವೋ ಎಂದು ಬಿಡ್ ಹಾಕುವ ಮುನ್ನವೇ ನೋಡು. ಸರ್ಕಾರಿ ಖರೀದಿಯಲ್ಲಿ ಇದನ್ನು 10 ಕೋಟಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಸೀಮಿತವಾಗಿಡಿ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಲಂ ಇಲ್ಲದಿದ್ದರೆ ಸಾಮಾನ್ಯವಾಗಿ ಕೋರ್ಟಿನ ದಾರಿಯೇ ಉಳಿಯುತ್ತದೆ.

ಫೈನಲ್ ಬಿಲ್ಲಿನ ಜೊತೆ ‘ಇನ್ನೇನೂ ಬಾಕಿ ಇಲ್ಲ’ ಎಂಬ ಪತ್ರಕ್ಕೆ ಸಹಿ ಕೇಳುತ್ತಾರೆ. ಒತ್ತಾಯದಿಂದ ಹಾಕಿದ ಸಹಿಯನ್ನು ಪ್ರಶ್ನಿಸಲು ಕೋರ್ಟುಗಳು ಅವಕಾಶ ಕೊಟ್ಟಿವೆ, ಆದರೆ ಒತ್ತಾಯವಿತ್ತೆಂದು ಸಾಧಿಸುವ ಹೊರೆ ನಿನ್ನದೇ. ಬಾಕಿ ಇದ್ದರೆ ಏನೇನು ಎಂದು ಸಹಿಯ ಪಕ್ಕದಲ್ಲೇ ಬರೆ.

ನಿನ್ನ ಕಂಪನಿಯ ಕೆಳಗೆ ಸೆಂಟ್ರಿಂಗ್ ಮೇಸ್ತ್ರಿ, ಬಾರ್ ಬೆಂಡಿಂಗ್‌ನವರು, ರಾಯಚೂರು ಕಡೆಯಿಂದಲೋ ಬಿಹಾರದಿಂದಲೋ ಬಂದ ಕೂಲಿಯವರು ಇದ್ದಾರೆ. ಅವರ ಕರಾರು ಬಹುಪಾಲು ಬಾಯಿಮಾತಿನದು. ಮೇಲೆ ಬಿಲ್ಲು ನಿಂತಿತೆಂದರೆ ಮೊದಲ ಪೆಟ್ಟು ಬೀಳುವುದು ಅವರ ಹೊಟ್ಟೆಗೆ, ಅವರಿಗೆ ಯಾವ ಮಧ್ಯಸ್ಥಗಾರರೂ ಇಲ್ಲ. ಇಲಾಖೆಯಿಂದ ನೀನು ಸಹಿ ಕೇಳುವ ಹಾಗೆಯೇ ಅವರ ಅಳತೆಯನ್ನೂ ವಾರಕ್ಕೊಮ್ಮೆ ಬರೆದು, ಸಹಿ ಹಾಕಿ, ಒಂದು ಪ್ರತಿ ಅವರ ಕೈಗೆ ಕೊಡು.