ಕಳಿಸುವವರು ಬೇರೆ, ಸಲಹೆ ಕೊಡುವವರು ಬೇರೆ

ಭೀಮಾ ದಂಡೆಯ ದೇವಣಗಾಂವದಿಂದ ಗೋವಾಕ್ಕೋ ಮುಂಬೈಗೋ ದುಡಿಯಲು ಹೋಗುವವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ದುಬೈ, ಕೆನಡಾ ಎಂದ ಕೂಡಲೇ ನಡುವೆ ಒಬ್ಬ ಏಜೆಂಟ್ ಬಂದು ನಿಲ್ಲುತ್ತಾನೆ. ಈತನ ಕೆಲಸವೇನು, ಅಧಿಕಾರವೆಷ್ಟು ಎಂಬುದನ್ನು ಮೊದಲು ತಿಳಿಯೋಣ.

ಇವರಲ್ಲಿ ಎರಡು ಬಗೆ. ಮೊದಲನೆಯವರು ಕೆಲಸಕ್ಕೆ ಜನರನ್ನು ಕಳಿಸುವ ನೇಮಕಾತಿ ಏಜೆಂಟರು. 1983ರ ವಲಸೆ ಕಾಯ್ದೆಯಂತೆ ಇವರು ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ಆ ನೋಂದಣಿ ನಿಜವೋ ಸುಳ್ಳೋ ಎಂದು ಇ-ಮೈಗ್ರೇಟ್ ತಾಣದಲ್ಲಿ ನೀವೇ ನೋಡಬಹುದು. ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಯನ್ನು ಮೀರುವಂತಿಲ್ಲ. ರಸೀದಿ ಕೇಳಿ ಪಡೆಯಿರಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗದ್ದು. ಅಂಥವರು ಸೌದಿ, ಕತಾರ್, ಕುವೈತ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಇದು ಅಡ್ಡಿಯಲ್ಲ, ಕಾವಲು. "ವಿಸಿಟ್ ವೀಸಾದಾಗ ಹೋಗು ತಮ್ಮಾ, ಅಲ್ಲಿ ಹೋದಮ್ಯಾಲ ಬದಲಿ ಮಾಡಸೂಣು" ಎನ್ನುವವನು ನಿಮ್ಮನ್ನು ಈ ಕಾವಲಿನ ಹೊರಗೆ ಎಳೆಯುತ್ತಿದ್ದಾನೆ. ನದಿಯಾಚೆಯ ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಉಕ್ರೇನ್ ಯುದ್ಧದ ನಡುವೆ ಸಿಕ್ಕಿಬಿದ್ದರು. ಮನೆಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ಆ ತಾಯಂದಿರ ಸಂಕಟ ಇನ್ನೊಂದು ಮನೆಗೆ ಬರಬಾರದು.

ಎರಡನೆಯವರು ವಲಸೆ ಸಲಹೆಗಾರರು. ಕುಶಲಕರ್ಮಿಗಳು, ಎಂಜಿನಿಯರುಗಳು, ನರ್ಸುಗಳು ವಿದೇಶದಲ್ಲಿ ನೆಲೆಸಲು ಹಾಕುವ ಅರ್ಜಿಯನ್ನು ಇವರು ಸಿದ್ಧಪಡಿಸುತ್ತಾರೆ. ಇವರಲ್ಲಿ ನೋಡಬೇಕಾದದ್ದು ನೀವು ಹೋಗಲಿರುವ ದೇಶದ ಪರವಾನಗಿ. ಕೆನಡಾಕ್ಕಾದರೆ ಅಲ್ಲಿನ ವಕೀಲಿಕೆಯವರು, ಕ್ವಿಬೆಕ್ ನೋಟರಿಗಳನ್ನು ಬಿಟ್ಟರೆ, 2021ರಲ್ಲಿ ಆರಂಭವಾದ, 'ಕಾಲೇಜು' ಎಂದೇ ಕರೆಯುವ ಸಲಹೆಗಾರರ ನಿಯಂತ್ರಣ ಸಂಸ್ಥೆಯ ಸದಸ್ಯರಷ್ಟೇ ಹಣ ಪಡೆದು ಸಲಹೆ ಕೊಡಬಹುದು. ಆಸ್ಟ್ರೇಲಿಯಾದ ನೋಂದಾಯಿತ ಏಜೆಂಟರಿಗೆ 'ಎಂಎಆರ್‌ಎನ್' ಸಂಖ್ಯೆ ಇರುತ್ತದೆ.

ಇವರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದಕ್ಕೆ ಕೆನಡಾದ ಕುಶಲ ಕೆಲಸಗಾರರ ಅಂಕಪಟ್ಟಿಯನ್ನೇ ನೋಡಿ. 100ಕ್ಕೆ 67 ಬರಬೇಕು. ಭಾಷೆಗೇ 28, ವಿದ್ಯೆಗೆ 25, ಅನುಭವಕ್ಕೆ 15. ವಯಸ್ಸು 18ರಿಂದ 35ರೊಳಗಿದ್ದರೆ 12. ಆಮೇಲೆ ವರ್ಷಕ್ಕೊಂದು ಅಂಕ ಕಡಿಮೆ. 67 ಬಂದರೂ ಸರತಿಗೆ ಸೇರಿದಂತಾಯಿತಷ್ಟೆ. ಅಲ್ಲಿ ಮತ್ತೊಂದು ಲೆಕ್ಕದಲ್ಲಿ ಮುಂದಿದ್ದವರಿಗೆ ಕರೆ. ಎಂಥ ಸಲಹೆಗಾರನೂ ಇಲ್ಲಿ ನಿಮ್ಮ ಇಂಗ್ಲಿಷನ್ನು ಬೆಳೆಸಲಾರ, ವಯಸ್ಸನ್ನು ಇಳಿಸಲಾರ. ಹಾಗಾಗಿ 'ವೀಸಾ ಗ್ಯಾರಂಟಿ' ಎಂಬ ಫಲಕ ಕಂಡರೆ ಒಳಗೆ ಹೋಗಲೇಬೇಡಿ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೊದಲು ಇಂಗ್ಲಿಷ್ ಕಲಿಕೆಗೆ ಹಾಕಿ ಎಂದೇ ನಾನು ಹೇಳುವುದು.

ಒಳ್ಳೆಯ ಸಲಹೆಗಾರ ನಿಜಕ್ಕೂ ನೆರವಾಗುವುದು ಕಾಗದಪತ್ರಗಳಲ್ಲಿ. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಇದ್ದರೆ ಆಧಾರ್‌ನಲ್ಲಿ ಇರುವುದಿಲ್ಲ; ತಂದೆಯ ಹೆಸರು ಒಂದೊಂದು ಕಡೆ ಒಂದೊಂದು ಥರ. ಪಾಸ್‌ಪೋರ್ಟ್ ಮಾಡಿಸುವ ಮುಂಚೆಯೇ ಇವನ್ನು ಸರಿಪಡಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಉದ್ಯಮ ಹೂಡಲು ಹೋಗುವವರ ದಾರಿ ಬೇರೆ. ಬ್ರಿಟನ್ನಿನಲ್ಲಿ 2023ರಿಂದ ಇರುವ 'ಇನ್ನೋವೇಟರ್ ಫೌಂಡರ್' ವೀಸಾಕ್ಕೆ ಅಲ್ಲಿನ ಮಾನ್ಯ ಸಂಸ್ಥೆಯೊಂದು ನಿಮ್ಮ ಯೋಜನೆಯನ್ನು ಪರಿಶೀಲಿಸಿ ಅನುಮೋದಿಸಬೇಕು. ಬರೀ ಬಂಡವಾಳ ತೋರಿಸಿದರೆ ಸಾಲದು.

ಇಷ್ಟಾದ ಮೇಲೂ ಅನುಮಾನ ಉಳಿದರೆ ವಿದೇಶಾಂಗ ಸಚಿವಾಲಯದ 1800 11 3090 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನಲ್ಲಿ ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಮುಂಗಡ ಕೊಡುವ ಮೊದಲೇ ಕೇಳಿ.