ಬೇಸಿಗೆ ಶಿಬಿರಕ್ಕೆ ಮೊದಲು ಒಂದು ಮಾತು

ಮಗಳೇ, ರಜೆಯಲ್ಲಿ ಊರ ಮಕ್ಕಳಿಗೊಂದು ಶಿಬಿರ ಮಾಡಬೇಕೆಂದು ನೀನೂ ನಿನ್ನ ಗೆಳತಿಯರೂ ಬಿಸಿಲಲ್ಲಿ ಓಡಾಡುತ್ತಿರುವುದನ್ನು ಕಂಡು ನನಗೆ ತುಂಬಾ ಸಂತೋಷವಾಗಿದೆ. ಶಾಲೆಯ ಅಂಗಳ ಸಿಕ್ಕಿದೆ, ಪಾನಕ ಮಜ್ಜಿಗೆಗೆ ಅಂಗಡಿಯವರು ಒಪ್ಪಿದ್ದಾರೆ. ನಾಟಕ ಕಲಿಸಲು ಒಬ್ಬರು, ಮಣ್ಣಿನ ಗೊಂಬೆ ಮಾಡಿಸಲು ಒಬ್ಬರು, ಹಾಡಿಗೆ, ಯೋಗಕ್ಕೆ, ಚಿತ್ರಕ್ಕೆ ಒಬ್ಬೊಬ್ಬರು ಬರುತ್ತಾರಂತೆ. ಯಾರೂ ದುಡ್ಡು ಕೇಳುತ್ತಿಲ್ಲ. ನೀನು ತೋರಿಸಿದ ಪಟ್ಟಿಯಲ್ಲಿ ಅವರ ಹೆಸರು, ಮೊಬೈಲ್ ನಂಬರು, ಬರುವ ದಿನ ಎಲ್ಲವೂ ಇದ್ದವು. ಅವರು ಎಲ್ಲಿಯವರು, ಇದಕ್ಕೆ ಮುಂಚೆ ಎಲ್ಲೆಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದ್ದಾರೆ, ಅವರನ್ನು ಬಲ್ಲವರು ಯಾರು ಎಂಬುದಕ್ಕೆ ಮಾತ್ರ ಜಾಗವೇ ಇರಲಿಲ್ಲ. ಅದನ್ನು ಸೇರಿಸು ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂದು ಮೊದಲು ತಿಳಿದುಕೋ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಅದರಡಿ 2020ರಲ್ಲಿ ಹೊಸ ನಿಯಮಗಳಾದವು. ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ, ಹೀಗೆ ಮಕ್ಕಳ ಒಡನಾಟ ಇರುವ ಯಾವ ಸಂಸ್ಥೆಯೇ ಆಗಲಿ, ಅಲ್ಲಿನ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಮತ್ತು ಹಿನ್ನೆಲೆ ಪರಿಶೀಲನೆಯನ್ನು ಆಗಾಗ ಮಾಡಿಸಲೇಬೇಕೆಂದು ಆ ನಿಯಮ ಹೇಳುತ್ತದೆ. ಪಾಠ ಹೇಳುವವರು, ಹೇಳದವರು, ಕಾಯಂ ಇರುವವರು, ಗುತ್ತಿಗೆಯವರು ಎಲ್ಲರೂ ಅದರಲ್ಲಿ ಬರುತ್ತಾರೆ. ಆದರೆ ನಿಯಮದ ಮಾತು ನಿಲ್ಲುವುದು ನೌಕರರ ಮೇಲೆ. ಪುಕ್ಕಟೆಯಾಗಿ ಬಂದು ಹಾಡು ಹೇಳಿಕೊಟ್ಟು ಹೋಗುವವರ ಹೆಸರನ್ನು ಅದು ಬಿಡಿಸಿ ಎತ್ತುವುದಿಲ್ಲ. ಸಂಬಳದವರು ಯಾರೂ ಇಲ್ಲದ ನಿನ್ನ ಶಿಬಿರ ನಿಂತಿರುವುದೇ ಇಂಥ ಸ್ವಯಂಸೇವಕರ ಮೇಲೆ. ಹಾಗಿರುವಾಗ ‘ಇದು ನಮಗಲ್ಲ’ ಎಂದು ಓದಿ ಮಡಚಿಡಬೇಡ. ಮಗುವಿನ ಪಕ್ಕ ಕೂತವನಿಗೆ ಸಂಬಳ ಬರುತ್ತದೋ ಇಲ್ಲವೋ ಎಂಬುದು ಮಗುವಿಗೆ ಸಂಬಂಧಪಟ್ಟ ವಿಷಯವಲ್ಲ.

ಇಷ್ಟೆಲ್ಲ ಯಾಕೆ, ಎಲ್ಲರೂ ಗೊತ್ತಿರುವವರೇ ತಾನೆ ಅನ್ನುತ್ತೀಯ. ಗೊತ್ತಿರುವವರು ಎಂಬ ಮಾತೇ ನನಗೆ ಕಳವಳ ತರುವುದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ದೊಡ್ಡದೊಂದು ಅಧ್ಯಯನ ಪ್ರಕಟಿಸಿತು. ಮಾತಾಡಿಸಿದ ಮಕ್ಕಳಲ್ಲಿ ಶೇಕಡ 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ಹೇಳಿದ್ದರು. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಪರಿಚಯದವರು, ಇಲ್ಲವೇ ಮಗು ನಂಬಿದ ಸ್ಥಾನದಲ್ಲಿ ಇದ್ದವರು. ಇನ್ನೊಂದು ಸಂಗತಿಯನ್ನೂ ಗಮನಿಸು. ನೊಂದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಗಂಡುಮಕ್ಕಳಿದ್ದರು. ಹೆಣ್ಣುಮಕ್ಕಳ ಕಡೆ ಒಂದು ಕಣ್ಣಿಟ್ಟರೆ ಸಾಕು, ಹುಡುಗರು ಹೇಗೋ ಇರುತ್ತಾರೆ ಎಂಬ ನಮ್ಮ ಊರಿನ ಹಳೆಯ ನಂಬಿಕೆಯನ್ನು ಶಿಬಿರದ ಗೇಟಿನ ಹೊರಗೇ ಬಿಟ್ಟು ಬಾ.

ಕೆಟ್ಟ ಬುದ್ಧಿಯವನು ಮುಖದ ಮೇಲೆ ಬರೆದುಕೊಂಡು ಬರುವುದಿಲ್ಲ ಕಣಮ್ಮ. ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುವವನು, ಮಕ್ಕಳಿಗೆ ಚಾಕಲೇಟು ತರುವವನು, ‘ಮೇಡಂ, ನೀವು ಊಟ ಮಾಡಿ ಬನ್ನಿ, ನಾನು ನೋಡಿಕೊಳ್ಳುತ್ತೇನೆ’ ಅನ್ನುವವನು ಅವನಾಗಿರಬಹುದು. ಹೀಗೆಲ್ಲ ಮಾಡುವ ಹತ್ತು ಜನರಲ್ಲಿ ಹತ್ತೂ ಜನ ಒಳ್ಳೆಯವರಿರಬಹುದು. ನೋಡಿದರೆ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೇ ವಿಚಾರಿಸುವುದು. ವಿಚಾರಿಸುವ ಜಾಗವನ್ನು ಅಂಥವನು ಬಿಟ್ಟು ಹೋಗುತ್ತಾನೆ, ಯಾರೂ ಏನೂ ಕೇಳದ ಜಾಗವನ್ನು ಹುಡುಕಿಕೊಂಡು ಬರುತ್ತಾನೆ. ಸೇವೆಯ ಹೆಸರಿನಲ್ಲಿ ನಾವು ಏನನ್ನೂ ಕೇಳದೆ ಬಾಗಿಲು ತೆರೆಯುತ್ತೇವೆಂಬುದು ಅವನಿಗೆ ಚೆನ್ನಾಗಿ ಗೊತ್ತು.

ನಿನ್ನ ನಿಜವಾದ ಕಷ್ಟ ದಾಕ್ಷಿಣ್ಯ ಎಂಬುದು ನನಗೆ ಗೊತ್ತಿದೆ. ಉಪಕಾರ ಮಾಡಲು ಬಂದವರಿಗೆ ‘ಪೊಲೀಸರಿಂದ ಪತ್ರ ತನ್ನಿ’ ಎಂದರೆ ಅವಮಾನವಾಗುವುದಿಲ್ಲವೇ? ಒಬ್ಬರನ್ನು ಕೇಳಿ ಇನ್ನೊಬ್ಬರನ್ನು ಬಿಟ್ಟರೆ ಖಂಡಿತ ಆಗುತ್ತದೆ. ಎಲ್ಲರನ್ನೂ ಕೇಳಿದರೆ ಆಗುವುದಿಲ್ಲ. ಆದ್ದರಿಂದ ಒಂದು ಫಾರಂ ಮಾಡು, ಮೊದಲ ಫಾರಂ ನನ್ನದಾಗಲಿ. ಕಥೆ ಹೇಳಲು ನಾನೂ ಬರುತ್ತೇನಲ್ಲ. ಮೇಷ್ಟ್ರಾಗಿ ಎಷ್ಟು ವರ್ಷ ದುಡಿದರೇನು, ನಿನ್ನ ಅಪ್ಪನಿಗೆ ಅಕ್ಷರ ಕಲಿಸಿದ್ದರೇನು, ನನಗೆ ರಿಯಾಯಿತಿ ಬೇಡ. ಎರಡನೆಯದು ನಿನ್ನದು, ಮೂರನೆಯದು ದೇವಸ್ಥಾನದ ಸಮಿತಿಯ ಅಧ್ಯಕ್ಷರದು. ಆಮೇಲೆ ಹೊಸಬರ ಮುಂದೆ ಆ ಮೂರನ್ನೂ ಇಟ್ಟು ‘ನಮ್ಮಲ್ಲಿ ಮಕ್ಕಳ ಹತ್ತಿರ ಬರುವ ಎಲ್ಲರದೂ ಇದೇ ಕ್ರಮ, ಮೇಷ್ಟ್ರೂ ಕೊಟ್ಟಿದ್ದಾರೆ’ ಎಂದು ಹೇಳು. ತಿಳಿದವರು ಖುಷಿಯಿಂದಲೇ ಬರೆದುಕೊಡುತ್ತಾರೆ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ.

ಬೇರೆ ದೇಶಗಳು ಈ ಪಾಠವನ್ನು ತುಂಬಾ ನೋವು ತಿಂದು ಕಲಿತಿವೆ. 2002ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಸೋಹಮ್ ಎಂಬ ಪುಟ್ಟ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಶಾಲೆಯೊಂದರ ಕಟ್ಟಡ ನೋಡಿಕೊಳ್ಳುವ ಆಳು. ಅವನು ಮೊದಲಿದ್ದ ಪ್ರದೇಶದ ಪೊಲೀಸರಿಗೆ ಅವನ ಮೇಲೆ ಒಂದರ ಹಿಂದೊಂದು ದೂರು ಬಂದಿದ್ದವು. ಆ ಮಾಹಿತಿ ಕೆಲಸ ಕೊಟ್ಟವರ ತನಕ ಬರಲೇ ಇಲ್ಲ. ಅವನು ಬೇರೆ ಅಡ್ಡಹೆಸರಿನಲ್ಲಿ ಅರ್ಜಿ ಹಾಕಿದ್ದ. ಸರ್ ಮೈಕೇಲ್ ಬಿಚರ್ಡ್ ನಡೆಸಿದ ವಿಚಾರಣೆಯ ವರದಿ 2004ರಲ್ಲಿ ಬಂತು, ಅದರ ಹಿಂದೆಯೇ 2006ರಲ್ಲಿ ಹೊಸ ಕಾಯ್ದೆಯಾಯಿತು. ಈಗ ಅಲ್ಲಿ ಡಿಬಿಎಸ್ ಎಂಬ ಸಂಸ್ಥೆ ಈ ಪರಿಶೀಲನೆ ಮಾಡುತ್ತದೆ, ಸ್ವಯಂಸೇವಕರಿಂದ ಅದು ಶುಲ್ಕ ತೆಗೆದುಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲೂ ಮಕ್ಕಳ ಜೊತೆ ಕೆಲಸ ಮಾಡುವವರು ಸರ್ಕಾರದ ಪರವಾನಗಿ ಪಡೆಯಬೇಕು. ಅದು 5 ವರ್ಷ ನಡೆಯುತ್ತದೆ, ಸ್ವಯಂಸೇವಕರಿಗೆ ಉಚಿತ. ಮೆಲ್ಬರ್ನಿನಲ್ಲಿ ವಾರಾಂತ್ಯಕ್ಕೆ ಮಕ್ಕಳಿಗೆ ಅಆಇಈ ಕಲಿಸುವ ನಮ್ಮ ಕನ್ನಡಿಗರಿಗೂ ಇದೇ ಕಾನೂನು. ಸೋಹಮ್‌ನಿಂದ ನೀನು ತೆಗೆದುಕೊಳ್ಳಬೇಕಾದ್ದು ಒಂದಿದೆ. ಈಗಿನ ಹೆಸರು, ವಿಳಾಸದ ಜೊತೆಗೆ ಹಿಂದಿನ ಹೆಸರುಗಳನ್ನೂ, ಹಿಂದೆ ಇದ್ದ ಊರುಗಳನ್ನೂ ಫಾರಂನಲ್ಲಿ ಕೇಳು.

ನಮ್ಮಲ್ಲಿ ದಾರಿ ಇದೆ, ಆದರೆ ಸ್ವಲ್ಪ ಸುತ್ತು. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶ 2018ರಲ್ಲೇ ಶುರುವಾಗಿದೆ, ಆದರೆ ಅದನ್ನು ತೆರೆದು ನೋಡುವ ಅಧಿಕಾರ ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ. ನಿನಗೆ ಉಳಿದಿರುವುದು ಪೊಲೀಸ್ ಪರಿಶೀಲನಾ ಪತ್ರ. ಕರ್ನಾಟಕದಲ್ಲಿ ಅದಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪ್ರತಿಯೊಬ್ಬರೂ ತಮ್ಮ ತಮ್ಮ ಅರ್ಜಿಯನ್ನು ತಾವೇ ಹಾಕಲಿ, ಖರ್ಚನ್ನು ಶಿಬಿರದ ಲೆಕ್ಕದಿಂದ ಕೊಡು. ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡರೆ ಹಿನ್ನೆಲೆ ತಿಳಿದಂತಾಗಲಿಲ್ಲ. ಅದರಿಂದ ಗೊತ್ತಾಗುವುದು ಅವನು ಯಾರೆಂದು ಮಾತ್ರ, ಎಂಥವನೆಂದು ಅಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ ಆರಿಸಿ ಹೆಸರು ಹುಡುಕುವುದೂ ಸಾಧ್ಯ. ಅಲ್ಲಿ ಬಹಳ ಎಚ್ಚರ ಬೇಕು. ಒಂದೇ ಹೆಸರಿನ ಮಂಜುನಾಥರು ತಾಲ್ಲೂಕಿಗೆ ನೂರು ಜನ. ಹೊಲದ ಬದುವಿನ ಜಗಳಕ್ಕೆ ಕೋರ್ಟು ಹತ್ತಿದವನನ್ನು ಮಕ್ಕಳಿಗೆ ಅಪಾಯ ಎಂದುಕೊಂಡರೆ ಅದೂ ಅನ್ಯಾಯ.

ಪೊಲೀಸರ ಪತ್ರ ಬಂತು ಅಂದಕೂಡಲೇ ನಿಶ್ಚಿಂತೆಯಾಗಬೇಡ. ದಾಖಲಾದ ಕೇಸಿದ್ದರೆ ಮಾತ್ರ ಅದರಲ್ಲಿ ಕಾಣುತ್ತದೆ. ನಮ್ಮ ಕಡೆ ಎಷ್ಟೋ ಸಂಗತಿ ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹುಡುಗಿಯ ಮುಂದಿನ ಜೀವನ, ಮನೆಯ ಮರ್ಯಾದೆ, ಸಂಸ್ಥೆಯ ಹೆಸರು ಎಂದು ಹೇಳಿ ತಪ್ಪು ಮಾಡಿದವನನ್ನು ಸದ್ದಿಲ್ಲದೆ ಕಳಿಸಿಬಿಡುತ್ತಾರೆ, ಅವನು ಇನ್ನೊಂದೂರಿನ ಮಕ್ಕಳ ನಡುವೆ ಹೋಗಿ ಕೂರುತ್ತಾನೆ. ಆದ್ದರಿಂದ ಹಿಂದೆ ಈ ಸ್ವಯಂಸೇವಕರನ್ನು ಕರೆಸಿಕೊಂಡಿದ್ದ ಕಡೆ ಇಬ್ಬರಿಗಾದರೂ ಫೋನು ಮಾಡು. ನನ್ನ ಮಟ್ಟಿಗೆ ಕಾಗದಕ್ಕಿಂತ ಈ ಫೋನು ದೊಡ್ಡದು. ಅವರು ಕೊಟ್ಟ ನಂಬರಿಗೇ ಮಾಡಬೇಡ, ಶಾಲೆಯದೋ ಸಂಘದ್ದೋ ನಂಬರನ್ನು ನೀನೇ ಹುಡುಕಿ ಮಾಡು. ‘ಹೇಗಿದ್ದರು?’ ಎಂದು ಕೇಳಿದರೆ ‘ಚೆನ್ನಾಗಿದ್ದರು’ ಅನ್ನುತ್ತಾರೆ, ಅದು ನಮ್ಮ ಜನರ ಸಭ್ಯತೆ. ‘ಮುಂದಿನ ವರ್ಷವೂ ಇವರನ್ನೇ ಕರೆಸುತ್ತೀರಾ? ನಿಮ್ಮ ಮಗುವನ್ನು ಇವರ ಜೊತೆ ಒಂದು ದಿನದ ಪ್ರವಾಸಕ್ಕೆ ಕಳಿಸುತ್ತೀರಾ?’ ಎಂದು ಕೇಳು. ಆಗ ಅವರು ಥಟ್ಟನೆ ಹೂಂ ಅನ್ನುತ್ತಾರೋ, ತಡವರಿಸುತ್ತಾರೋ ಕಿವಿಗೊಟ್ಟು ಕೇಳಿಸಿಕೋ. ತಡವರಿಸಿದರೆ ಎದುರಿಗೆ ಹೋಗಿ ಮಾತಾಡು, ಫೋನಿನಲ್ಲಿ ಹೇಳದ್ದನ್ನು ಜನ ಮುಖ ನೋಡಿ ಹೇಳುತ್ತಾರೆ.

ಇಷ್ಟಾದರೂ ಒಬ್ಬ ತಪ್ಪಿಸಿಕೊಂಡು ಒಳಗೆ ಬರಬಹುದು. ಹಾಗೆ ಬಂದವನಿಗೆ ಅವಕಾಶ ಸಿಗದಂತೆ ಶಿಬಿರವನ್ನೇ ಕಟ್ಟು. ಯಾವ ದೊಡ್ಡವರೂ ಯಾವ ಮಗುವಿನ ಜೊತೆಗೂ ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರೇ ಇರಬಾರದು, ಇದು ಗಟ್ಟಿ ನಿಯಮವಾಗಲಿ. ಶೌಚಾಲಯಕ್ಕೆ ಚಿಕ್ಕವರು ಜೋಡಿಯಾಗಿ ಹೋಗಲಿ, ಹೊರಗೆ ಒಬ್ಬ ತಾಯಿ ನಿಂತಿರಲಿ. ನಾಟಕದ ದಿನ ಬಣ್ಣ ಹಚ್ಚುವ ಕೋಣೆ ನಿನಗೆ ಗೊತ್ತಲ್ಲ, ಗಲಾಟೆಯೋ ಗಲಾಟೆ, ಒಂದು ಕಡೆ ಕಚ್ಚೆ ಉಡಿಸುತ್ತಾರೆ, ಇನ್ನೊಂದು ಕಡೆ ಮೀಸೆ ಅಂಟಿಸುತ್ತಾರೆ. ಯಾರು ಒಳಗೆ ಬಂದರು, ಯಾರು ಯಾವ ಮಗುವನ್ನು ಕರೆದುಕೊಂಡು ಹೋದರು ಎಂದು ಯಾರ ಗಮನಕ್ಕೂ ಬಾರದ ಹೊತ್ತು ಅದು. ಆ ದಿನ ಬಟ್ಟೆ ಬದಲಿಸುವ ಜಾಗಕ್ಕೆ ಮಕ್ಕಳ ಅಮ್ಮಂದಿರನ್ನೋ ಅಜ್ಜಿಯರನ್ನೋ ನೇಮಿಸು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಕೋಣೆಯಿರಲಿ. ಫೋಟೊ ತೆಗೆಯುವವನು ಒಳಗೆ ಕಾಲಿಡುವುದು ಬೇಡ. ಸ್ವಯಂಸೇವಕರು ಮಕ್ಕಳ ಮೊಬೈಲಿಗೆ ನೇರವಾಗಿ ಮೆಸೇಜು ಕಳಿಸಬಾರದು, ಏನಿದ್ದರೂ ಅಪ್ಪ ಅಮ್ಮ ಇರುವ ಗುಂಪಿನಲ್ಲಿ ಹೇಳಲಿ. ಮಕ್ಕಳನ್ನು ಮನೆಗೆ ಬಿಡುವ ಆಟೊದವನೂ ನಿನ್ನ ಪಟ್ಟಿಯಲ್ಲಿರಬೇಕು.

ಸಹಾಯಕ್ಕೆ ಬರುವ ಪಿಯುಸಿ ಹುಡುಗ ಹುಡುಗಿಯರ ಬಗ್ಗೆಯೂ ಒಂದು ಮಾತು. 18 ತುಂಬದವರೆಲ್ಲ ಕಾನೂನಿನ ಕಣ್ಣಲ್ಲಿ ಮಕ್ಕಳೇ. ಅವರ ಮೇಲೆ ಗುಂಪಿನ ಪೂರ್ತಿ ಹೊಣೆ ಹೊರಿಸಬೇಡ, ಅವರನ್ನೂ ಕಾಪಾಡಬೇಕಾದವಳು ನೀನು.

ಯಾವುದಾದರೂ ಮಗು ನಿನ್ನ ಸೆರಗು ಹಿಡಿದು ಏನಾದರೂ ಹೇಳಿದರೆ ಕೂತು ಕೇಳು. ‘ನಿಜವಾ? ಸರಿಯಾಗಿ ನೆನಪು ಮಾಡಿಕೋ’ ಎಂದು ಪಾಟೀಸವಾಲು ಹಾಕಬೇಡ. ‘ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ’ ಎಂದು ಹೇಳು. ಮಗು ಹೆಸರು ಹೇಳಿದವನನ್ನು ಕರೆಸಿ, ಊರ ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ನಿನಲ್ಲಿ 6 ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ. ಠಾಣೆಗೆ ಹೋಗುವುದು ಹೇಗೆಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು, ರಾತ್ರಿಯಾದರೂ ಮಾಡು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ ಪಡೆಯಬಹುದು, ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆದರಿದ ಅಪ್ಪ ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳು. ಮಗುವಿನ ಹೆಸರು ಮಾತ್ರ ವಾಟ್ಸಾಪಿನಲ್ಲಾಗಲಿ, ಹರಟೆಕಟ್ಟೆಯಲ್ಲಾಗಲಿ ನಿನ್ನ ಬಾಯಿಂದ ಬರಬಾರದು.

ಸ್ವಯಂಸೇವಕರು ನಂಬಿ ಕೊಟ್ಟ ಕಾಗದಗಳಿಗೂ ಅದೇ ಕಟ್ಟುನಿಟ್ಟು ಇರಲಿ. ಅವು ಬೀಗ ಹಾಕಿದ ಬೀರುವಿನಲ್ಲಿರಲಿ, ಇಬ್ಬರಿಗಿಂತ ಹೆಚ್ಚು ಜನ ನೋಡಬೇಕಾಗಿಲ್ಲ. ಯಾರದಾದರೂ ಹಳೆಯ ಸಂಗತಿ ಗೊತ್ತಾಗಿ ಬೇಡ ಎಂದು ತೀರ್ಮಾನಿಸಿದರೆ ಅವರನ್ನೇ ಕರೆದು ಮೆಲ್ಲಗೆ ಹೇಳು, ಊರಿಗೆಲ್ಲ ಹಂಚಬೇಡ.

ಪೊಲೀಸರ ಪತ್ರ ಕೈಗೆ ಬರಲು ದಿನ ಹಿಡಿಯುತ್ತದೆ. ಶಿಬಿರ ಏಪ್ರಿಲ್‌ನಲ್ಲಿ ಅಂದರೆ ಫಾರಂಗಳು ಈ ವಾರವೇ ಹೋಗಬೇಕು. ನಾಳೆ ಸಂಜೆ ಮನೆಗೆ ಬಾ, ಸೇವಾ ಸಿಂಧುವಿನಲ್ಲಿ ನನ್ನ ಅರ್ಜಿ ತುಂಬಿಸಿಕೊಡು, ಈ ಪೋರ್ಟಲ್ಲು ನನಗೆ ಒಬ್ಬನಿಗೇ ಬಗೆಹರಿಯುವುದಿಲ್ಲ. ಪತ್ರ ಬಾರದವರ ತರಗತಿಯಲ್ಲಿ ಬೇರೆ ಇಬ್ಬರು ದೊಡ್ಡವರು ಪೂರ್ತಿ ಹೊತ್ತು ಕೂತಿರಲಿ. ಫಾರಂ ನೋಡಿ ಬೇಸರಪಟ್ಟುಕೊಂಡು ಯಾರಾದರೂ ಬರುವುದಿಲ್ಲ ಅಂದರೆ ಕೈಮುಗಿದು ಕಳಿಸಿಕೊಡು. ಅವರ ಪಾಲಿನ ಒಂದು ಗಂಟೆಗೆ ಏನು ಮಾಡುವುದೆಂದು ಯೋಚಿಸಬೇಡ, ಮಕ್ಕಳನ್ನು ಆಲದ ಮರದ ಕೆಳಗೆ ಬಿಟ್ಟು ನೀವೆಲ್ಲ ಸುತ್ತ ನಿಂತುಕೊಳ್ಳಿ, ಮರಕೋತಿ ಆಡಿಕೊಳ್ಳುತ್ತಾರೆ.