ಶೆಟ್ಟಿಹಳ್ಳಿಯ ಚರ್ಚು

ಹೇಮಾವತಿ ನದಿಯು ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರಗಳ ಮಾರ್ಗವಾಗಿ ಹರಿದು ಕಾವೇರಿಯನ್ನು ಸೇರುತ್ತದೆ. ಈ ನದಿಯ ದಂಡೆಯಲ್ಲಿ, ಹಾಸನದಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಶೆಟ್ಟಿಹಳ್ಳಿ ಎಂಬ ಊರಿದೆ. ಮಳೆಗಾಲದಲ್ಲಿ ಅಲ್ಲಿಗೆ ಹೋದವರಿಗೆ ನೀರಿನ ನಡುವೆ ಎದ್ದುನಿಂತ ಕಮಾನುಗಳು ಮಾತ್ರ ಕಾಣುತ್ತವೆ. ಬೇಸಿಗೆಯಲ್ಲಿ ಅದೇ ಕಟ್ಟಡದೊಳಗೆ ಕಾಲ್ನಡಿಗೆಯಲ್ಲಿ ತಿರುಗಾಡಬಹುದು.

ಶ್ರೀರಂಗಪಟ್ಟಣವು 1799ರಲ್ಲಿ ಪತನಗೊಂಡ ಬಳಿಕ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಮೈಸೂರು ಸೀಮೆಯ ಕ್ರೈಸ್ತರ ನಡುವೆ ನೆಲೆಸಿದರು. ಜನರು ಅವರನ್ನು ದೊಡ್ಡಸ್ವಾಮಿ ಎಂದು ಕರೆಯುತ್ತಿದ್ದರು. ಬಡ ರೈತರಿಗೆ ಬೇಸಾಯದ ನೆಲೆಗಳನ್ನು ಕಲ್ಪಿಸಿ, ಸಿಡುಬಿನ ಲಸಿಕೆಯನ್ನು ಪ್ರಚಾರಗೊಳಿಸಿ, 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅವರ ತರುವಾಯ ಬಂದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಶೆಟ್ಟಿಹಳ್ಳಿಯಲ್ಲಿ ಗಾಥಿಕ್ ಶೈಲಿಯ ಚರ್ಚನ್ನು ಕಟ್ಟಿಸಿದರು. ಆ ಹೊತ್ತಿಗೆ ಮಂಜರಾಬಾದಿನ ಬೆಟ್ಟಗಳಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಎದ್ದಿದ್ದವು. ಚರ್ಚಿನ ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಹೇಳುವುದುಂಟು. ಹಳೆಯ ಕಟ್ಟಡಗಳ ವಿಷಯದಲ್ಲಿ ಇಂಥ ಮಾತು ಎಲ್ಲೆಡೆಯೂ ಕೇಳಿಬರುತ್ತದೆ.

ಸ್ವಾತಂತ್ರ್ಯಾನಂತರ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟನ್ನು ಕಟ್ಟಲಾಯಿತು. 1979ರಲ್ಲಿ ಪೂರ್ಣಗೊಂಡ ಈ ಜಲಾಶಯವು ಸುಮಾರು 37 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇದರ ಕಾಲುವೆಗಳಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹೊಲಗಳಿಗೂ ಆಚೆಯ ಮಂಡ್ಯ, ತುಮಕೂರು ಜಿಲ್ಲೆಗಳಿಗೂ ನೀರು ಹರಿಯಿತು. ಮಳೆಯನ್ನೇ ನಂಬಿದ್ದ ರೈತನಿಗೆ ಇದು ಸಣ್ಣ ಲಾಭವಲ್ಲ. ಆದರೆ ಹಿನ್ನೀರು ಏರಿದಲ್ಲಿ ಹೊಲ, ಮನೆ, ಗುಡಿ, ಗೋರಿಗಳು ಮುಳುಗಿದವು. ಅಲ್ಲಿನ ಜನರು ತಲೆಮಾರುಗಳಿಂದ ಉತ್ತ ನೆಲವನ್ನು ತೊರೆದು ಬೇರೆಡೆ ಬದುಕನ್ನು ಕಟ್ಟಿಕೊಳ್ಳಬೇಕಾಯಿತು. ಒಬ್ಬನ ಗದ್ದೆಗೆ ಬಂದ ನೀರು ಮತ್ತೊಬ್ಬನ ಹಿತ್ತಲಿನಲ್ಲಿ ನಿಂತ ನೀರೇ ಆಗಿತ್ತು. ಚರ್ಚಿನಲ್ಲಿ ಪೂಜೆ ನಿಂತುಹೋಯಿತು.

ಸುಣ್ಣದ ಗಾರೆಯು ಸಿಮೆಂಟಿನಷ್ಟು ಬಿರುಸಲ್ಲ. ಗೋಡೆ ಕೊಂಚ ಅಲುಗಿದರೂ ತಾಳಿಕೊಳ್ಳುತ್ತದೆ. ಚರ್ಚು ಇಷ್ಟು ದಿನ ನಿಂತಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಸದಾ ನೀರಿನಲ್ಲಿರುವುದಕ್ಕಿಂತಲೂ ವರ್ಷವರ್ಷವೂ ನೆನೆದು ಒಣಗುವುದು ಕಟ್ಟಡಕ್ಕೆ ಹೆಚ್ಚು ಕೇಡು. ನೆನೆದಾಗ ಗಾರೆಯೊಳಗಿನ ಸುಣ್ಣ ಸ್ವಲ್ಪಸ್ವಲ್ಪವಾಗಿ ಕರಗಿ ಹೋಗುತ್ತದೆ. ಒಣಗಿದಾಗ ಇಟ್ಟಿಗೆಯೊಳಗಿನ ಲವಣವು ಹರಳುಗಟ್ಟಿ ಅದನ್ನು ಒಡೆಯುತ್ತದೆ. ಮಾಡು ಎಂದೋ ಬಿದ್ದುಹೋಗಿದೆ. ಗೋಡೆಗಳ ಕೆಲವು ಭಾಗಗಳೂ ಉರುಳಿವೆ. ನೀರು ಇಳಿದ ಮೇಲೆ ಉಳಿದಿರುವುದೆಷ್ಟು ಎಂಬುದನ್ನು ಈಗ ಪ್ರತಿ ಬೇಸಿಗೆಯಲ್ಲಿಯೂ ಹೊಸದಾಗಿ ನೋಡಬೇಕಾಗಿದೆ.